ಬಿಲ್ ಮಾರಿದ ದುಡ್ಡನ್ನ ವಸೂಲಿ ಅಂತ ಬರೆಯಬೇಡಿ

ನಮ್ಮ ಭಾವನದ್ದು ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಒಂದು ವೆಲ್ಡಿಂಗ್ ಶೆಡ್ಡು. ಕಾರ್ಖಾನೆಗಳ ಕನ್ವೇಯರ್, ಟ್ರಾಲಿ, ಶೆಡ್ಡಿನ ಟ್ರಸ್ ದುರಸ್ತಿ ಮಾಡಿಕೊಡ್ತಾರೆ. ಒಂದು ಕಂಪನಿಯಿಂದ ಅವರಿಗೆ 1,18,000 ರೂಪಾಯಿ ಬರಬೇಕಿತ್ತು. ಒಂಬತ್ತು ತಿಂಗಳು ಓಡಾಡಿದರು. ಕೊನೆಗೆ ಆ ಕಂಪನಿಯ ಅಕೌಂಟ್ಸ್ ಆಫೀಸಿನವರು, "ನಿಮ್ಮ ಲೆಡ್ಜರ್ ಕಳಿಸಿ, ನೋಡ್ತೀವಿ" ಅಂದರು. ಭಾವ ಕಳಿಸಿದರು. ಹತ್ತೇ ನಿಮಿಷಕ್ಕೆ ವಾಟ್ಸ್ಆಪ್‌ನಲ್ಲಿ ಉತ್ತರ ಬಂತು: ನಿಮ್ಮ ಲೆಕ್ಕದ ಪ್ರಕಾರವೇ ಬಾಕಿ ಸೊನ್ನೆ.

ಭಾವ ಆ ಮೆಸೇಜನ್ನ ನನಗೆ ಕಳಿಸಿ ಫೋನ್ ಮಾಡಿದರು. "ನೋಡ್ಲಾ, ದುಡ್ ಕೊಡ್ದೆ ಇರೋನು ಅವ್ನು. ಅವ್ನು ಕೊಡಂಗಿಲ್ಲ ಅಂತ ಬರ್ಕೊಟ್ಟಿರೋನು ನಾನು!"

ಲೆಡ್ಜರ್ ತೆಗೆದು ನೋಡಿದೆ. ಅವರು ಹೇಳಿದ್ದು ನಿಜ. ಸೊನ್ನೆಯೇ ಇತ್ತು.

ಈ ಸೊನ್ನೆ ಹೆಂಗೆ ಬಂತು ಅನ್ನೋದನ್ನ ಹೇಳೋಕೆ ಈ ಬರಹ. ಬಿಲ್ ಡಿಸ್ಕೌಂಟಿಂಗ್, ಫ್ಯಾಕ್ಟರಿಂಗ್, "ಸಪ್ಲೈಯರ್ ಫೈನಾನ್ಸ್" ಅಂತ ನಿಮ್ಮಲ್ಲಿ ಯಾರಾದರೂ ಬಿಲ್ ಕೊಟ್ಟು ಮುಂಚೆ ದುಡ್ಡು ತಗೊಂಡಿದ್ದರೆ, ಸಂಜೆ ಒಂದು ಸಲ ನಿಮ್ಮ ಟ್ಯಾಲಿ ತೆಗೆದು ನೋಡಿ. ಹತ್ತರಲ್ಲಿ ಎಷ್ಟು ಕಡೆ ಈ ಸೊನ್ನೆ ಕೂತಿದೆಯೋ ನನಗೆ ಗೊತ್ತಿಲ್ಲ. ನಾನು ನೋಡಿದ ಮೂರು ಕಡೆಯಲ್ಲಿ ಮೂರರಲ್ಲೂ ಇತ್ತು.

ನಡೆದದ್ದು ಇಷ್ಟು. 2024ರ ನವೆಂಬರಿನಲ್ಲಿ ಭಾವ ಕೆಲಸ ಮುಗಿಸಿ ಬಿಲ್ ಹಾಕಿದರು. ಕೆಲಸದ್ದು 1,00,000, ಜಿಎಸ್‌ಟಿ 18,000. ಕಂಪನಿಯ ಆರ್ಡರಿನಲ್ಲಿ ದುಡ್ಡು ಕೊಡೋದು 90 ದಿನಕ್ಕೆ ಅಂತ ಇತ್ತು. ಆದರೆ ಜಿಎಸ್‌ಟಿ 18,000ವನ್ನ ಮುಂದಿನ ತಿಂಗಳು 20ನೇ ತಾರೀಕಿಗೆ ಸರ್ಕಾರಕ್ಕೆ ಕಟ್ಟಬೇಕು. ಹುಡುಗರ ಕೂಲಿ ಶನಿವಾರ ಕೊಡಬೇಕು. ಗ್ಯಾಸ್ ಸಿಲಿಂಡರ್, ರಾಡು, ಕಬ್ಬಿಣ ಎಲ್ಲ ಕೈಗಾಸು ಕೊಟ್ಟರೇನೇ ಬರೋದು. ಆಗ ಒಂದು ಫೈನಾನ್ಸ್ ಕಂಪನಿಯ ಏಜೆಂಟ್ ಬಂದ. "ಅಣ್ಣ, ಇದು ಸಾಲ ಅಲ್ಲ. ನಿಮ್ಮ ಬಿಲ್ ನಮಗೆ ಕೊಡಿ, ನೂರಕ್ಕೆ ಎಂಬತ್ತು ಈಗಲೇ ಹಾಕ್ತೀವಿ. ಕಂಪನಿ ಕೊಟ್ಟಾಗ ಮಿಕ್ಕಿದ್ದು" ಅಂದ.

94,400 ರೂಪಾಯಿ ಬ್ಯಾಂಕಿಗೆ ಬಂತು. ಶೆಡ್ಡಿನಲ್ಲಿ ಅರ್ಧ ದಿನ ಲೆಕ್ಕ ಬರೆಯೋಕೆ ಬರೋ ಹುಡುಗಿ ಅದನ್ನ ಟ್ಯಾಲಿಯಲ್ಲಿ ಎಫ್6 ಒತ್ತಿ ರಸೀದಿ ಮಾಡಿ, ಆ ಕಂಪನಿಯ ಹೆಸರಿನ ಬಿಲ್ಲಿಗೇ ಹೊಂದಿಸಿದಳು. ಬಿಲ್ಲಿಗೆ ಸಂಬಂಧಪಟ್ಟ ದುಡ್ಡು, ಬಿಲ್ಲಿಗೆ ಹಾಕಿದಳು. ಅವಳದ್ದೇನು ತಪ್ಪು? ಮಂಡ್ಯದ ಯಾವ ಕಂಪ್ಯೂಟರ್ ಸೆಂಟರಿನಲ್ಲಿ ಮೂರು ತಿಂಗಳ ಟ್ಯಾಲಿ ಕೋರ್ಸಿನಲ್ಲಿ ಇದನ್ನ ಹೇಳಿಕೊಡ್ತಾರೆ?

ಫೆಬ್ರುವರಿಗೆ 90 ದಿನ ಆಯಿತು. ಕಂಪನಿ ಕೊಡಲಿಲ್ಲ. ಇನ್ನೊಂದು ತಿಂಗಳು ಕಾದ ಫೈನಾನ್ಸಿನವರು ಮಾರ್ಚಿನಲ್ಲಿ ಭಾವನ ಖಾತೆಯಿಂದಲೇ 94,400ನ್ನೂ ಬಡ್ಡಿಯನ್ನೂ ಎಳೆದುಕೊಂಡರು. ಸಹಿ ಹಾಕಿಸಿಕೊಂಡಿದ್ದ ಕಾಗದದಲ್ಲಿ ಅದಕ್ಕೆ ಅವಕಾಶ ಇತ್ತು, ಹನ್ನೊಂದನೇ ಪುಟದಲ್ಲಿ, ಇಂಗ್ಲಿಷಿನಲ್ಲಿ. ಹುಡುಗಿಗೆ ಇದು ಏನಂತ ತಿಳೀಲಿಲ್ಲ. "ಸಸ್ಪೆನ್ಸ್" ಅಕೌಂಟಿಗೆ ಹಾಕಿದಳು. ಆ ಅಕೌಂಟಿಗೆ ಆ ಹೆಸರು ಇಟ್ಟವನಿಗೆ ಕೈ ಮುಗೀಬೇಕು, ಸಿನಿಮಾದಂಗೇ ಕೊನೆವರೆಗೂ ಗೊತ್ತಾಗಲ್ಲ. ಜೂನಿನಲ್ಲಿ ವರ್ಷದ ಲೆಕ್ಕ ಮುಗಿಸುವಾಗ ಟ್ಯಾಕ್ಸ್ ನೋಡಿಕೊಳ್ಳೋರು ಕಂಪನಿಯ ಹೆಸರಿನಲ್ಲಿ ಉಳಿದಿದ್ದ 23,600ನ್ನ "ಕೊಟ್ಟ ಡಿಸ್ಕೌಂಟ್" ಅಂತ ಹೊಡೆದು ಹಾಕಿದರು. ಹಳೇ ಬಾಕಿ ಇದ್ದರೆ ಲೆಕ್ಕ ಚೆಂದ ಕಾಣಲ್ಲವಂತೆ.

94,400 ಬಂತು, 23,600 ಡಿಸ್ಕೌಂಟು. ಬಾಕಿ ಸೊನ್ನೆ.

ಕಂಪನಿಯವರು "ನಿಮಗೂ ಫೈನಾನ್ಸಿನವರಿಗೂ ಬಿಟ್ಟಿದ್ದು" ಅಂದರು. ಫೈನಾನ್ಸಿನವರು "ನಮ್ಮ ದುಡ್ಡು ನಮಗೆ ಬಂತು, ಫೈಲ್ ಕ್ಲೋಸ್" ಅಂದರು. ಕೆಲಸ ಮಾಡಿದ ಮನುಷ್ಯ ನಡುವೆ ನಿಂತಿದ್ದ.

ಇದನ್ನ ಒಬ್ಬ ಆಡಿಟರ್ ಹತ್ತಿರ ಹೇಳಿದೆ. ನಕ್ಕು, "ಅಯ್ಯೋ, ಎಂಟ್ರಿ ಯಾವುದರಲ್ಲಿ ಹಾಕಿದರೇನು, ಕೊನೆಗೆ ನಿವ್ವಳ ಒಂದೇ ತಾನೆ?" ಅಂದರು. ನನ್ನ ಜಗಳ ಇರೋದು ಈ ಮಾತಿನ ಜೊತೆ. ನಿವ್ವಳ ಒಂದೇ ಅಲ್ಲ. ಒಂದೇ ಆಗಿದ್ದರೂ, ಯಾರು ಯಾರಿಗೆ ಕೊಡಬೇಕು ಅನ್ನೋದು ನಿವ್ವಳದಲ್ಲಿ ಕಾಣಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಬಿಲ್ ಮಾರೋದರಲ್ಲಿ ಎರಡು ಜಾತಿ. ಒಂದರಲ್ಲಿ ಬಿಲ್ ಕೊಂಡವನು ಪೂರ್ತಿ ಕೊಂಡ, ಕಂಪನಿ ಕೈ ಎತ್ತಿದರೆ ನಷ್ಟ ಅವನದ್ದು. ಇನ್ನೊಂದರಲ್ಲಿ ಕಂಪನಿ ಕೊಡದೆ ಹೋದರೆ ನಿಮ್ಮ ಹತ್ತಿರವೇ ವಾಪಸ್ ವಸೂಲಿ. ಇಂಗ್ಲಿಷಿನಲ್ಲಿ ಮೊದಲನೇದನ್ನ ವಿತೌಟ್ ರಿಕೋರ್ಸ್, ಎರಡನೇದನ್ನ ವಿತ್ ರಿಕೋರ್ಸ್ ಅಂತಾರೆ. ಏಜೆಂಟ್ ಏನೇ ಹೇಳಲಿ, ಕಾಗದದಲ್ಲಿ ಈ ರಿಕೋರ್ಸ್ ಅನ್ನೋ ಪದದ ಹಿಂದೆ ಏನಿದೆ ಅಂತ ನೋಡಿ. ವಾಪಸ್ ವಸೂಲಿ ಮಾಡೋ ಹಕ್ಕು ಅವನಿಗೆ ಇದ್ದರೆ ಅದು ಸಾಲ. ಬಿಲ್ಲನ್ನ ಅಡ ಇಟ್ಟು ತಂದ ಸಾಲ. ಚಿನ್ನ ಅಡ ಇಟ್ಟು ತಂದ ದುಡ್ಡನ್ನ ಯಾರಾದರೂ "ಚಿನ್ನ ಮಾರಿದೆ" ಅಂತ ಬರೀತಾರಾ?

ಸಾಲ ಅಂದಮೇಲೆ ಅದಕ್ಕೆ ತಕ್ಕ ಜಾಗ ಇದೆ. ಭಾವನ ಬಿಲ್ಲನ್ನೇ ಇಟ್ಟುಕೊಂಡು, ಕಂಪನಿ ಸರಿಯಾಗಿ 90 ದಿನಕ್ಕೆ ಕೊಟ್ಟಿದ್ದರೆ ಹೆಂಗೆ ಬರೀಬೇಕಿತ್ತು ಹೇಳ್ತೀನಿ. ಸ್ವಲ್ಪ ನಿಧಾನ ಓದಿ, ಇಲ್ಲಿ ಅವಸರ ಮಾಡಿದವರೇ ಕೆಟ್ಟಿದ್ದು.

ಫೈನಾನ್ಸ್ ಕಂಪನಿಯ ಹೆಸರಿನಲ್ಲಿ ಟ್ಯಾಲಿಯಲ್ಲಿ ಒಂದು ಹೊಸ ಲೆಡ್ಜರ್ ತೆಗೀರಿ, ಸಾಲಗಳ ಗುಂಪಿನ ಕೆಳಗೆ. 94,400 ಬಂದ ದಿನ ಎಫ್6ನಲ್ಲಿ ರಸೀದಿ ಮಾಡಿ, ಆದರೆ ಜಮಾ ಹೋಗಬೇಕಾದ್ದು ಈ ಹೊಸ ಲೆಡ್ಜರಿಗೆ. ಕೆಲಸ ಕೊಟ್ಟ ಕಂಪನಿಯ ಹೆಸರನ್ನ ಮುಟ್ಟಲೇಬೇಡಿ. ಅವನು ಇನ್ನೂ ಒಂದು ಪೈಸೆ ಕೊಟ್ಟಿಲ್ಲ, ಅವನ ಹೆಸರಿನಲ್ಲಿ 1,18,000 ಹಂಗೇ ನಿಂತಿರಲಿ.

ಫೈನಾನ್ಸಿನವನು ಹಿಡಿದುಕೊಳ್ಳೋ ಖರ್ಚಿಗೆ ಎಫ್7ನಲ್ಲಿ ಜರ್ನಲ್. ಭಾವನಿಗೆ ತಿಂಗಳಿಗೆ ನೂರಕ್ಕೆ ಒಂದೂವರೆ ಅಂತ ಮಾತಾಗಿತ್ತು. 94,400ಕ್ಕೆ ಮೂರು ತಿಂಗಳಿಗೆ 4,248. ಬಿಲ್ಲಿನ ಮೇಲೆ ಅರ್ಧ ಪರ್ಸೆಂಟ್ ಪ್ರೋಸೆಸಿಂಗ್ ಶುಲ್ಕ 590. ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 106 ರೂಪಾಯಿ 20 ಪೈಸೆ. ಬಡ್ಡಿಗೆ ಜಿಎಸ್‌ಟಿ ಇಲ್ಲ, ಶುಲ್ಕಕ್ಕೆ ಇದೆ. ಒಟ್ಟು 4,944 ರೂಪಾಯಿ 20 ಪೈಸೆ ಫೈನಾನ್ಸಿನವನ ಲೆಡ್ಜರಿಗೆ ಜಮಾ. 4,248 ಮತ್ತು 590 ಎರಡೂ ಖರ್ಚು. 106.20 ಖರ್ಚಲ್ಲ, ಇನ್‌ಪುಟ್ ಕ್ರೆಡಿಟ್, ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯೋಕೆ ಬರುತ್ತೆ. ಅದಕ್ಕೆ ಫೈನಾನ್ಸಿನವನ ಹತ್ತಿರ ಟ್ಯಾಕ್ಸ್ ಇನ್‌ವಾಯ್ಸ್ ಕೇಳಿ ತಗೊಳ್ಳಿ. ಕೇಳದೆ ಇದ್ದರೆ ಎಷ್ಟೋ ಜನ ಕೊಡಲ್ಲ.

ಕೆಲಸ ಕೊಟ್ಟ ಕಂಪನಿ ದುಡ್ಡು ಕೊಟ್ಟ ದಿನ ಅದು ಬರೋದು ನಿಮ್ಮ ಖಾತೆಗಲ್ಲ, ಫೈನಾನ್ಸಿನವನ ಖಾತೆಗೆ. ಹಂಗಂತ ನೀವು ಸುಮ್ಮನೆ ಕೂರೋ ಹಂಗಿಲ್ಲ. ಕಂಪನಿ ಒಂದು ಲಕ್ಷದ ಮೇಲೆ ನೂರಕ್ಕೆ ಒಂದು ಟಿಡಿಎಸ್ ಹಿಡಿದು 1,17,000 ಕೊಟ್ಟಿರುತ್ತೆ. ಇನ್ನೊಂದು ಜರ್ನಲ್ ಹಾಕಿ: ಫೈನಾನ್ಸಿನವನಿಗೆ ಖರ್ಚು 1,17,000, ಟಿಡಿಎಸ್ ಬರಬೇಕಾದ್ದು 1,000, ಕಂಪನಿಯ ಹೆಸರಿಗೆ ಜಮಾ 1,18,000, ಅದೇ ಬಿಲ್ ನಂಬರಿಗೆ ಹೊಂದಿಸಿ. ಕಂಪನಿಯ ಹೆಸರಿನಲ್ಲಿ ಸೊನ್ನೆ ಆಗಬೇಕಾದ್ದು ಇವತ್ತು. ಇದಕ್ಕಿಂತ ಒಂದು ದಿನ ಮುಂಚೆಯೂ ಅಲ್ಲ.

ಈಗ ಫೈನಾನ್ಸಿನವನ ಲೆಡ್ಜರ್ ತಿರುಗಿ ನಿಲ್ಲುತ್ತೆ, ಅವನೇ ನಿಮಗೆ 17,655 ರೂಪಾಯಿ 80 ಪೈಸೆ ಕೊಡಬೇಕು ಅಂತ ತೋರಿಸುತ್ತೆ. ಅಷ್ಟು ಬ್ಯಾಂಕಿಗೆ ಬಂದರೆ ಲೆಕ್ಕ ಮುಗೀತು. ಬರದೆ 15,000 ಬಂದರೆ ಎಲ್ಲಿ ಕತ್ತರಿಸಿದ ಅಂತ ಕೇಳೋಕೆ ನಿಮ್ಮ ಹತ್ತಿರ ಆಧಾರ ಇದೆ. ಈ ಒಂದು ಲೆಡ್ಜರ್ ಇಲ್ಲದೆ ಇದ್ದರೆ ಅವನು ಕೊಟ್ಟಿದ್ದೇ ಲೆಕ್ಕ.

ಮಾರಿದ್ದು ಪೂರ್ತಿ ಮಾರಾಟ ಆಗಿದ್ದರೆ, ಅಂದರೆ ವಾಪಸ್ ಕೇಳೋ ಹಕ್ಕಿಲ್ಲದ್ದು ಆಗಿದ್ದರೆ, ಆಗ ಮಾತ್ರ ಮೊದಲ ದಿನವೇ ಕಂಪನಿಯ ಹೆಸರಿನಿಂದ ಬಾಕಿಯನ್ನ ತೆಗೆದು ಬಿಲ್ ಕೊಂಡವನ ಹೆಸರಿಗೆ ಹಾಕಬೇಕು. ಅಲ್ಲಿ ಸಾಲ ಅನ್ನೋದು ಇಲ್ಲ.

ಕೆಲವರು ಬಂದ ದುಡ್ಡನ್ನ ಎಫ್8 ಒತ್ತಿ ಮಾರಾಟ ಅಂತಲೇ ಬರೆದಿರೋದನ್ನೂ ನೋಡಿದ್ದೀನಿ. ಕೆಲಸ ಒಂದು, ಮಾರಾಟ ಎರಡು, ಜಿಎಸ್‌ಟಿ ಎರಡು ಸಲ. ಇನ್ನೊಂದು ಇದಕ್ಕಿಂತ ಅಪಾಯದ್ದು. ಬ್ಯಾಂಕಿನಲ್ಲಿ ಸಿಸಿ ಲಿಮಿಟ್ ಇರೋರು ಪ್ರತಿ ತಿಂಗಳು ಬರಬೇಕಾದ ಬಾಕಿಗಳ ಪಟ್ಟಿ ಕೊಡ್ತಾರೆ. ಫೈನಾನ್ಸಿಗೆ ಬರೆದುಕೊಟ್ಟ ಬಿಲ್ಲನ್ನ ಆ ಪಟ್ಟಿಯಲ್ಲೂ ತೋರಿಸಿದರೆ ಒಂದೇ ಬಿಲ್ಲಿಗೆ ಎರಡು ಕಡೆ ದುಡ್ಡು ಎತ್ತಿದಂಗೆ. ನಿಮಗೆ ಮರೆವು, ಬ್ಯಾಂಕಿಗೆ ಅದು ವಂಚನೆ. ಬಿಲ್ ಪಟ್ಟಿ ಪ್ರಿಂಟ್ ತೆಗೆಯೋ ಮುಂಚೆ ಕೊಟ್ಟಿರೋ ಬಿಲ್ಲುಗಳ ಮೇಲೆ ಗುರುತು ಹಾಕೋದನ್ನ ರೂಢಿ ಮಾಡಿಕೊಳ್ಳಿ.

ಇಷ್ಟು ಲೆಕ್ಕದ ಮಾತು. ನನ್ನ ನಿಜವಾದ ಸಿಟ್ಟು ಇರೋದು ಆ 4,838 ರೂಪಾಯಿ ಮೇಲೆ. 4,248 ಮತ್ತು 590.

ಎಲ್ಲ ಸರಿಯಾಗಿ ನಡೆದರೂ, ಕಂಪನಿ ಹೇಳಿದ ದಿನಕ್ಕೇ ಕೊಟ್ಟರೂ, ಒಂದು ಲಕ್ಷದ ಕೆಲಸದಲ್ಲಿ ಇಷ್ಟು ದುಡ್ಡು ಭಾವನ ಜೇಬಿನಿಂದ ಹೋಗುತ್ತೆ. ಲಕ್ಷದ ಕೆಲಸಕ್ಕೆ ಅವರಿಗೆ ಕೈಗುಳಿಯೋದು ಹನ್ನೆರಡು ಸಾವಿರ ಆದರೆ ದೊಡ್ಡದು. ಅದರಲ್ಲಿ ಐದು ಸಾವಿರ ಕಾಯೋದಕ್ಕೆ. ವರ್ಷಕ್ಕೆ ಇಂಥ ಹನ್ನೆರಡು ಬಿಲ್ಲು ಅಂದರೆ 58,056. ಅವರ ಹೆಲ್ಪರ್ ಹುಡುಗನಿಗೆ ದಿನಕ್ಕೆ 600 ಕೂಲಿ. 97 ದಿನದ ಕೂಲಿ ಹತ್ತಿರ ಹತ್ತಿರ.

ಈ ದುಡ್ಡು ಲೆಕ್ಕದಲ್ಲಿ ಎಲ್ಲಿತ್ತು? "ಬ್ಯಾಂಕ್ ಚಾರ್ಜಸ್". ಚೆಕ್ ಬುಕ್ಕಿನ ಶುಲ್ಕ, ಎಸ್‌ಎಂಎಸ್ ಶುಲ್ಕ, ಅದರ ಜೊತೆಗೆ ಇದೂ. ಯಾರದೋ ತಡಕ್ಕೆ ನಾವು ಕಟ್ಟಿದ ದಂಡ ಬ್ಯಾಂಕಿನ ಖರ್ಚಾಗಿ ಮಲಗಿತ್ತು.

ಕಾನೂನು ಏನು ಹೇಳುತ್ತೆ ನೋಡಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡಿಗೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನ ದಾಟೋ ಹಂಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ 16ನೇ ಸೆಕ್ಷನ್: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ದರ 6.75 ಇತ್ತು, ಮೂರು ಪಟ್ಟು ಅಂದರೆ 20.25. ಆರ್ಡರಿನಲ್ಲಿ 90 ದಿನ ಅಂತ ಬರೆದು ನೀವು ಸಹಿ ಹಾಕಿದ್ದರೂ ಆ ಸಾಲಿಗೆ ಬೆಲೆ ಇಲ್ಲ.

ಅಂದರೆ ಭಾವ ಮಾರಿದ 90 ದಿನದಲ್ಲಿ ಅರ್ಧ ಕಾನೂನಿನ ದಿನ, ಇನ್ನರ್ಧ ಕಾನೂನು ಮುರಿದ ದಿನ. 4,248 ಬಡ್ಡಿಯಲ್ಲಿ 2,124 ಕಂಪನಿಯ ತಪ್ಪಿಗೆ ಭಾವ ಕಟ್ಟಿದ್ದು. ಬಡ್ಡಿ ತಗೋಬೇಕಾದವನು ಬಡ್ಡಿ ಕಟ್ಟಿದ, ಅದನ್ನ ಬ್ಯಾಂಕ್ ಚಾರ್ಜಸ್ ಅಂತ ಬರೆದುಕೊಂಡ.

ಹಂಗಾಗಿ ನಾನು ಕೇಳೋದು ಒಂದೇ. ಪ್ರತಿ ದೊಡ್ಡ ಗಿರಾಕಿಯ ಹೆಸರಿನಲ್ಲೂ ಒಂದು ಖರ್ಚಿನ ಲೆಡ್ಜರ್ ತೆಗೀರಿ. "ತಡದ ಖರ್ಚು", ಮುಂದೆ ಆ ಕಂಪನಿಯ ಹೆಸರು. ಕನ್ನಡದಲ್ಲೇ ಬರೀರಿ, ಟ್ಯಾಲಿಯಲ್ಲಿ ಕನ್ನಡ ಅಕ್ಷರ ಮೂಡುತ್ತೆ. ಬೆಂಗಳೂರಿನಲ್ಲೇ ಹುಟ್ಟಿದ ಸಾಫ್ಟ್‌ವೇರ್ ಅದು. ಆ ಕಂಪನಿಯ ಬಿಲ್ಲಿಗೆ ಕಟ್ಟಿದ ಡಿಸ್ಕೌಂಟ್, ಶುಲ್ಕ, ಬಿಲ್ ತಡ ಆದದ್ದಕ್ಕೆ ತಂದ ಕೈಸಾಲದ ಬಡ್ಡಿ, ಎಲ್ಲ ಅಲ್ಲಿಗೆ. ಮಾರ್ಚಿನಲ್ಲಿ ಒಂದು ಸಂಖ್ಯೆ ಸಿಗುತ್ತೆ. ಮುಂದಿನ ವರ್ಷದ ರೇಟು ಮಾತಾಡೋಕೆ ಹೋದಾಗ ಆ ಸಂಖ್ಯೆ ನಿಮ್ಮ ಜೇಬಿನಲ್ಲಿರಲಿ. 45 ದಿನಕ್ಕೆ ಕೊಡೋದಾದರೆ ಈ ರೇಟು, 90 ದಿನ ಆದರೆ ಈ ರೇಟು ಅಂತ ಮಾತಾಡೋಕೆ ಬಾಯಿ ಬರೋದು ಸಂಖ್ಯೆ ಇದ್ದಾಗ.

ಈಚೆಗೆ ಕೆಲವು ಕಂಪನಿಗಳು ಇನ್ನೂ ಚೆನ್ನಾಗಿರೋ ಆಟ ಆಡ್ತಿವೆ. "ನೂರಕ್ಕೆ ಮೂರು ಬಿಟ್ಟುಕೊಟ್ಟರೆ ನಾಳೆನೇ ಪೇಮೆಂಟ್" ಅಂತ ತಾವೇ ಮೆಸೇಜ್ ಕಳಿಸ್ತವೆ. 45 ದಿನ ದಾಟಿದ ಬಿಲ್ಲಿಗೆ! ಕೊಡಬೇಕಾದ ಬಡ್ಡಿ ಬಿಟ್ಟು, ಅಸಲಿನಲ್ಲಿ ಕಡಿತ. ಅದನ್ನೂ "ಡಿಸ್ಕೌಂಟ್" ಅಂತ ನಗುನಗುತ್ತಾ ಬರೀತೀವಿ. ತಡದ ಖರ್ಚು ಅಂತ ಬರೆದು ನೋಡಿ, ನಗು ನಿಲ್ಲುತ್ತೆ.

ಬಿಲ್ ಮಾರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಆಲೆಮನೆ ಇಟ್ಟವರನ್ನ ಕೇಳಿ. ಮಂಡ್ಯದ ಬೆಲ್ಲದ ಮಂಡಿಯಿಂದ ಮುಂಗಡ ತರೋದು, ಬೆಲ್ಲ ಅದೇ ಮಂಡಿಗೆ ಹಾಕೋದು, ಮಾರಾಟ ಆದಮೇಲೆ ಮುಂಗಡ, ಬಡ್ಡಿ, ಹಮಾಲಿ ಎಲ್ಲ ಕಳೆದು ಪಟ್ಟಿ ಬರೋದು. ಇಂಗ್ಲಿಷಿನಲ್ಲಿ ಫ್ಯಾಕ್ಟರ್ ಅನ್ನೋ ಪದಕ್ಕೆ ಹಳೇ ಅರ್ಥವೂ ಅದೇ, ಇನ್ನೊಬ್ಬರ ಮಾಲನ್ನ ಮಾರಿಕೊಡೋ ದಲ್ಲಾಳಿ. ಆದರೆ ಒಂದು ವ್ಯತ್ಯಾಸ ಇದೆ. ಮಂಡಿಯ ಪಟ್ಟಿಯಲ್ಲಿ ಮುಂಗಡ ಬೇರೆ ಸಾಲು, ಬೆಲ್ಲದ ಬೆಲೆ ಬೇರೆ ಸಾಲು. ಮಂಡಿಯವರ ಮೇಲೆ ನಮ್ಮ ರೈತರಿಗೆ ಏನೇನೋ ದೂರಿದೆ, ಆದರೆ ಓದು ಬರದ ಅಜ್ಜನೂ ಮುಂಗಡ ತಂದ ದಿನ "ಬೆಲ್ಲ ಮಾರಿಬಿಟ್ಟೆ" ಅನ್ನುತ್ತಿರಲಿಲ್ಲ. ಅಷ್ಟು ಗೊತ್ತಿದ್ದ ಊರಿನಲ್ಲಿ ಕಂಪ್ಯೂಟರ್ ಬಂದಮೇಲೆ ಇದು ಮರೆತುಹೋಯಿತು.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಅಲ್ಲ. ಫ್ಯಾಕ್ಟರಿಂಗ್ ಹೆಂಗೆ ತರಬೇಕು ಅಂತ ನೋಡೋಕೆ ರಿಸರ್ವ್ ಬ್ಯಾಂಕ್ 1988ರಲ್ಲೇ ಕಲ್ಯಾಣಸುಂದರಂ ಅವರ ಸಮಿತಿ ಮಾಡಿತ್ತು. 1991ರಲ್ಲಿ ಶುರುವಾದ ಕೆನರಾ ಬ್ಯಾಂಕಿನ ಕ್ಯಾನ್‌ಬ್ಯಾಂಕ್ ಫ್ಯಾಕ್ಟರ್ಸ್ ಇರೋದು ನಮ್ಮ ಬೆಂಗಳೂರಿನಲ್ಲೇ. 2011ರಲ್ಲಿ ಫ್ಯಾಕ್ಟರಿಂಗ್ ನಿಯಂತ್ರಣ ಕಾಯ್ದೆ ಬಂತು, 2021ರಲ್ಲಿ ತಿದ್ದುಪಡಿ ಆಗಿ ಇನ್ನೂ ಹೆಚ್ಚು ಫೈನಾನ್ಸ್ ಕಂಪನಿಗಳಿಗೆ ಬಾಗಿಲು ತೆರೀತು. ನಮ್ಮ ಕಡೆ ಏಜೆಂಟರು ಹೆಚ್ಚಾದದ್ದು ಯಾಕೆ ಅಂತ ಇದರಿಂದ ಸ್ವಲ್ಪ ಅರ್ಥ ಆಗಬಹುದು.

ಇದಕ್ಕಿಂತ ಒಳ್ಳೇದು ಟ್ರೆಡ್ಸ್. ರಿಸರ್ವ್ ಬ್ಯಾಂಕಿನ ಒಪ್ಪಿಗೆ ಪಡೆದ ಆನ್‌ಲೈನ್ ಸಂತೆ ಅನ್ನಿ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಅಂತ ಇವೆ, ಮೊದಲನೇದು ಶುರುವಾದದ್ದು 2017ರ ಜನವರಿಯಲ್ಲಿ. ಅಲ್ಲಿ ನಿಮ್ಮ ಬಿಲ್ ಏರಿಸಿದರೆ ಬ್ಯಾಂಕುಗಳು ಪೈಪೋಟಿಯಲ್ಲಿ ದರ ಕೂಗ್ತವೆ. ಕಂಪನಿ ಆಮೇಲೆ ಕೊಡದೆ ಹೋದರೂ ನಿಮ್ಮ ಹತ್ತಿರ ವಾಪಸ್ ಕೇಳೋ ಹಂಗಿಲ್ಲ. ಭಾವನಿಗೆ ಆದದ್ದು ಅಲ್ಲಿ ಆಗಲ್ಲ. ತೊಡಕು ಏನಪ್ಪ ಅಂದರೆ ಬಿಲ್ ಸರಿ ಇದೆ ಅಂತ ಕೊಂಡ ಕಂಪನಿ ಅಲ್ಲಿ ಒಪ್ಪಬೇಕು. 250 ಕೋಟಿ ದಾಟಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅಲ್ಲಿ ನೋಂದಣಿ ಆಗಲೇಬೇಕು ಅಂತ 2024ರ ನವೆಂಬರಿನಲ್ಲಿ ಕೇಂದ್ರ ಆದೇಶ ಮಾಡಿತು. ನೋಂದಣಿ ಆಗಬೇಕು, ಸರಿ. ನಿಮ್ಮ ಬಿಲ್ಲನ್ನ ಒಪ್ಪಲೇಬೇಕು ಅಂತ? ಬಾಗಿಲು ಹಾಕಿಸಿ ಚಿಲಕವನ್ನ ಅವರ ಕೈಗೇ ಕೊಟ್ಟಂಗಾಯಿತು. ಆದರೂ ಕೇಳಿ. ನಿಮ್ಮ ಗಿರಾಕಿ ದೊಡ್ಡ ಕಂಪನಿ ಆಗಿದ್ದರೆ, "ಟ್ರೆಡ್ಸ್‌ನಲ್ಲಿ ಇದ್ದೀರಾ ಸಾರ್?" ಅಂತ ಒಂದು ಇಮೇಲ್ ಹಾಕೋಕೆ ಕಾಸು ಬೇಕಿಲ್ಲ.

ಟ್ರೆಡ್ಸ್‌ನಲ್ಲಿ ಮಾರೋನು ಎಂಎಸ್‌ಎಂಇ ಆಗಿರಬೇಕು. ಕಬ್ಬು ಬೆಳೆದವನಿಗೆ ಅಲ್ಲಿ ಜಾಗ ಇಲ್ಲ. ಕಬ್ಬಿಗೂ ಕಾನೂನು ಇದೆ, 1966ರ ಕಬ್ಬು ನಿಯಂತ್ರಣ ಆದೇಶ. 14 ದಿನದಲ್ಲಿ ದುಡ್ಡು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ. ಮಂಡ್ಯದಲ್ಲಿ, ಕೆ.ಎಂ. ದೊಡ್ಡಿಯಲ್ಲಿ, ಕೊಪ್ಪದಲ್ಲಿ ಕಬ್ಬು ಹಾಕಿದ ಎಷ್ಟು ಜನ ಆ 15 ಪರ್ಸೆಂಟನ್ನ ಕಣ್ಣಲ್ಲಿ ನೋಡಿದ್ದೀರಿ, ಕಾಮೆಂಟಿನಲ್ಲಿ ಹೇಳಿ. 2015ರಲ್ಲಿ ಈ ಜಿಲ್ಲೆಯಲ್ಲಿ ಕಬ್ಬಿನ ಬೆಲೆ, ಬಾಕಿ, ಸಾಲ ಎಲ್ಲ ಸೇರಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಅದೇ ಜಿಲ್ಲೆಯಲ್ಲಿ ಹಾಲು ಹಾಕೋ ನಮ್ಮಮ್ಮನಿಗೆ ಡೇರಿಯ ಬಟವಾಡೆ ಯಾವ ವಾರ ಅಂತ ಗೊತ್ತು, ಅದರ ಮೇಲೇ ಚೀಟಿ ಕಟ್ಟುತ್ತಾಳೆ. ಬೇಗ ಕೊಡೋಕೆ ಆಗಲ್ಲ ಅನ್ನೋದು ಸುಳ್ಳು. ಕೇಳೋರು ಒಟ್ಟಿಗಿದ್ದರೆ ಆಗುತ್ತೆ.

ಇನ್ನು ಭಯದ ಮಾತು. ಭಾವನೂ ಅದನ್ನೇ ಹೇಳಿದ್ದು. "ಬಡ್ಡಿ ಕೇಳುದ್ರೆ ಆರ್ಡರ್ ನಿಲ್ಲಿಸ್ತಾರೆ ಕಣ್ಲಾ. ಅವ್ರಿಗೆ ನನ್ನಂಥೋರು ಇಪ್ಪತ್ ಜನ ಅವ್ರೆ." ನಿಜ. ಆನ್‌ಲೈನಿನಲ್ಲಿ ದೂರು ಕೊಡಬಹುದು, 2017ರಿಂದ ಅದಕ್ಕೆ ಪೋರ್ಟಲ್ ಇದೆ, ದೂರು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲಿಗೆ ಹೋಗುತ್ತೆ. ಕೌನ್ಸಿಲ್ ತೀರ್ಪನ್ನ ಕಂಪನಿ ಪ್ರಶ್ನೆ ಮಾಡಬೇಕಾದರೆ ನೂರಕ್ಕೆ 75 ಭಾಗ ಮೊದಲು ಕಟ್ಟಬೇಕು, ಇದು 19ನೇ ಸೆಕ್ಷನ್. ಕಾನೂನಿಗೆ ಹಲ್ಲಿದೆ. ಆದರೆ ನಾಳೆಯೂ ಅದೇ ಗೇಟಿನ ಮುಂದೆ ನಿಲ್ಲಬೇಕಾದವನು ಅದನ್ನ ಬಳಸೋದು ಕಷ್ಟ, ಇದನ್ನ ನಾನು ಆಫೀಸಿನ ಕುರ್ಚಿಯಲ್ಲಿ ಕೂತು ಸುಲಭ ಅಂತ ಹೇಳಲ್ಲ.

ಅದಕ್ಕೇ ಲೆಕ್ಕದ ಮೇಲೆ ಇಷ್ಟು ಹಟ. ದೂರು ಇವತ್ತು ಕೊಡದೆ ಇರಬಹುದು. ದೂರು ಕೊಡೋ ಹಕ್ಕನ್ನ ಎಫ್6 ಒತ್ತಿ ನಾವೇ ಅಳಿಸಬಾರದು. ಗಿರಾಕಿ ಕೈಬಿಟ್ಟ ದಿನ, ಇಲ್ಲ ಕಂಪನಿ ಮುಚ್ಚಿದ ದಿನ, ಕೌನ್ಸಿಲ್ ಮುಂದೆ ಇಡೋಕೆ ಸರಿಯಾದ ಲೆಡ್ಜರ್ ಇರಬೇಕು. ಅದಕ್ಕೆ ಬಿಲ್ ಹಾಕೋ ಮುಂಚೆಯೇ ಉದ್ಯಮ್ ನೋಂದಣಿಯೂ ಆಗಿರಬೇಕು, ಆಮೇಲೆ ಮಾಡಿಸಿದರೆ ಹಳೇ ಬಿಲ್ಲಿಗೆ ವಾದ ನಿಲ್ಲೋದು ಕಷ್ಟ. ವ್ಯಾಪಾರಿಗಳೇ, ನಿಮಗೆ ಉದ್ಯಮ್ ನಂಬರ್ ಸಿಕ್ಕಿದ್ದರೂ ಅದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರಗಡೆಗೆ ಲೋಡ್ ಕಳಿಸಿ ಕಾಯೋರಿಗೆ ಈ 45 ದಿನದ ಕಾನೂನು ಆಗಿಬರಲ್ಲ. ಯಾಕೆ ಅಂತ ಕೇಳಬೇಕಾದ ಪ್ರಶ್ನೆ, ಇನ್ನೊಂದು ದಿನ ಬರೀತೀನಿ.

ಕಂಪನಿಗಳಿಗೂ ಲೆಕ್ಕದ ಬೆಲೆ ಗೊತ್ತು. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿದರು. ಸಣ್ಣ ಉದ್ಯಮಕ್ಕೆ ಕಾಲಕ್ಕೆ ಸರಿಯಾಗಿ ಕೊಡದ ದುಡ್ಡನ್ನ ಕಂಪನಿ ಆ ವರ್ಷದ ಖರ್ಚು ಅಂತ ತೋರಿಸೋ ಹಂಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಬಂದ ವರ್ಷ ಮಾರ್ಚಿನಲ್ಲಿ ಎಷ್ಟು ಕಂಪನಿಗಳ ಫೋನ್ ಬಂತು ನೆನಪಿದೆಯಾ? "ನಿಮ್ಮ ಉದ್ಯಮ್ ನಂಬರ್ ಕಳಿಸಿ, ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಮಾಡಿ" ಅಂತ. ಆ ಪತ್ರ ಬಂದಾಗ ಓದದೆ ಸಹಿ ಹಾಕಬೇಡಿ. ಅದರಲ್ಲಿ ಸೊನ್ನೆ ಅಂತಿದ್ದರೆ, ನಿಮ್ಮ ಟ್ಯಾಲಿಯಲ್ಲೂ ತಪ್ಪಾಗಿ ಸೊನ್ನೆ ಇದ್ದರೆ, ಎರಡು ಸೊನ್ನೆ ಸೇರಿ ನಿಮ್ಮ ದುಡ್ಡನ್ನ ನುಂಗ್ತವೆ.

ಭಾವನದ್ದು ಏನಾಯಿತು ಅಂತ ಕೇಳ್ತೀರಿ. ಮೂರು ಭಾನುವಾರ ಕೂತು ಆ ಹುಡುಗಿ, ನಾನು, ಅವರ ಟ್ಯಾಕ್ಸಿನವರು ಲೆಕ್ಕ ತಿದ್ದಿದ್ವಿ. ಸಸ್ಪೆನ್ಸ್‌ನಲ್ಲಿದ್ದ ದುಡ್ಡನ್ನ ಫೈನಾನ್ಸಿನವನ ಹೆಸರಿಗೆ ತಂದು, ಹೊಡೆದು ಹಾಕಿದ್ದ 23,600ನ್ನ ವಾಪಸ್ ನಿಲ್ಲಿಸಿ, ಕಂಪನಿಯ ಹೆಸರಿನಲ್ಲಿ 1,18,000 ಬಾಕಿಯನ್ನ ಎಬ್ಬಿಸಿದ್ವಿ. ಫೈನಾನ್ಸಿನವರ ಹತ್ತಿರ "ಬಿಲ್ಲಿನ ಹಕ್ಕನ್ನ ವಾಪಸ್ ಕೊಟ್ಟಿದ್ದೇವೆ" ಅಂತ ಪತ್ರ ಬರೆಸಿಕೊಳ್ಳೋಕೆ ಐದು ಸಲ ಬೆಂಗಳೂರು. ಎರಡನ್ನೂ ಸೇರಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಮೇಲೆ ಸೆಪ್ಟೆಂಬರಿನಲ್ಲಿ 1,17,000 ಬಂತು. ಟಿಡಿಎಸ್ 1,000ವೂ ಆಮೇಲೆ 26ಎಎಸ್‌ನಲ್ಲಿ ಕಾಣಿಸಿತು.

ಬಡ್ಡಿ ಬರಲಿಲ್ಲ. ಕಾನೂನಿನ ಲೆಕ್ಕಕ್ಕೆ ಹದಿನಾರು ಸಾವಿರ ದಾಟುತ್ತಿತ್ತು. ಭಾವ ಕೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆದರೆ ಆ ಹುಡುಗಿ ಈಗ ಟ್ಯಾಲಿಯಲ್ಲಿ "ತಡದ ಖರ್ಚು" ಅಂತ ನಾಲ್ಕು ಲೆಡ್ಜರ್ ತೆಗೆದಿದ್ದಾಳೆ, ನಾಲ್ಕು ಕಂಪನಿಗೆ. ಹೋದ ವಾರ ಶೆಡ್ಡಿಗೆ ಹೋಗಿದ್ದಾಗ ಒಂದರಲ್ಲಿ 11,310 ಇತ್ತು. ಭಾವ ಅದನ್ನ ಕ್ಯಾಲೆಂಡರಿನ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ. ಆ ಕಂಪನಿಯ ರೇಟು ಮಾತುಕತೆ ಮುಂದಿನ ತಿಂಗಳು.